ಮಾವನ ಬೈಕಿಗೆ ಮೂರು ಬೀಗ

“ಮೂರೇ ವಾರ! ಅಷ್ಟರೊಳಗೆ ಈ ಬೈಕು ರಸ್ತೆಗಿಳೀದಿದ್ರೆ ನನ್ನ ಮೀಸೆ ಬೋಳಿಸ್ತೀನಿ!”

ಊಟದ ಮೇಜಿನ ಮುಂದೆ ಎದ್ದು ನಿಂತು ನಾನು ಹೀಗೆ ಘೋಷಿಸಿದಾಗ ಗೋಡೆ ಗಡಿಯಾರವೂ ಒಂದು ಕ್ಷಣ ನಿಂತಿತೆಂದು ನನ್ನ ನಂಬಿಕೆ. ನನ್ನಾಕೆ ಮಾತ್ರ ನಿಲ್ಲಲಿಲ್ಲ. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಾ, “ಪಾಪ, ಮೀಸೆ ಏನು ತಪ್ಪು ಮಾಡಿತ್ತು?” ಎಂದಳು.

ಬೈಕು ನನ್ನ ಮಾವನದು. ನಲವತ್ತು ವರ್ಷ ಗ್ಯಾರೇಜು ನಡೆಸಿದ ಮಾವ ಪ್ರಾಯದಲ್ಲಿ ತಮ್ಮ ಕೈಯಾರೆ ಕಟ್ಟಿದ ಗಾಡಿ. ಈಗ ಎಂಜಿನ್ನು, ಟ್ಯಾಂಕು, ಸೀಟು, ಹಿಂದಿನ ಚಕ್ರ ಮಾತ್ರ ಉಳಿದಿದ್ದವು. ಮುಂದಿನ ಚಕ್ರ, ಅದನ್ನು ಹಿಡಿಯುವ ಫೋರ್ಕು, ಬ್ರೇಕು ಎಲ್ಲವೂ ಯಾವ್ಯಾವುದೋ ಬೈಕುಗಳ ಪಾಲಾಗಿದ್ದವು. ಗ್ಯಾರೇಜಿಗೆ ಬಾಗಿಲು ಹಾಕಿದ ದಿನ ಮಾವ ಅದನ್ನೂ ತಮ್ಮ ಸಲಕರಣೆ ಪೆಟ್ಟಿಗೆಯನ್ನೂ ನಮ್ಮ ಹಿತ್ತಲ ಶೆಡ್ಡಿಗೆ ತಂದಿಳಿಸಿ ತೀರ್ಪು ಕೊಟ್ಟರು. “ಯಾರು ಕೈಯಾರೆ ಇದನ್ನ ಓಡೋ ಹಾಗೆ ಮಾಡ್ತಾರೋ ಅವರಿಗೇ ಬೈಕು. ಮೊದಲು ಅಳಿಯಂದ್ರು ನೋಡ್ಲಿ. ಮೂರು ವಾರ ಬಿಟ್ಟು ಭಾನುವಾರ ಬರ್ತೀನಿ. ಆಗ್ದಿದ್ರೆ ನನ್ನ ಮಗ ತಗೊಂಡ್ಹೋಗ್ಲಿ.”

ಆ ಮಗ, ಅಂದರೆ ನನ್ನ ಭಾವಮೈದ, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಅವನು ನಕ್ಕು, “ಆರಾಮಾಗಿ ಮಾಡಿ ಭಾವ, ನನಗೇನೂ ಅವಸರ ಇಲ್ಲ” ಎಂದ.

ಅವಸರ ಇಲ್ಲವಂತೆ! ಪುಕ್ಕಟೆ ಬೈಕು ಬರುವಾಗ ಅವಸರ ಇಲ್ಲದ ಮನುಷ್ಯನನ್ನು ನಂಬಬಹುದೇ? ನನ್ನ ಕೆಲಸವೇ ಅಂಥದ್ದು. ಬೀಗದ ಕಾರ್ಖಾನೆಯಲ್ಲಿ ಪರೀಕ್ಷಕ ನಾನು. ದಿನಕ್ಕೆ ಇನ್ನೂರು ಬೀಗಗಳನ್ನು ಎಳೆದು, ಜಗ್ಗಿ, ಅಲ್ಲಾಡಿಸಿ, ಅನುಮಾನಿಸಿ ಕಳಿಸುತ್ತೇನೆ. ಹದಿನೆಂಟು ವರ್ಷ ಅನುಮಾನಕ್ಕೇ ಸಂಬಳ ಪಡೆದವನು ಮನೆಗೆ ಬಂದ ತಕ್ಷಣ ಅದನ್ನು ಗೂಟಕ್ಕೆ ನೇತುಹಾಕಲು ಸಾಧ್ಯವೇ?

ಗುಜರಿ ಅಂಗಡಿಯಲ್ಲಿ ಭಾರೀ ಬೈಕೊಂದರ ಫೋರ್ಕು, ಬಡಕಲು ಬೈಕೊಂದರ ಚಕ್ರ, ಮೂರನೆಯದೊಂದರ ಬ್ರೇಕು ಆರಿಸಿದೆ. ಅಂಗಡಿಯವನು ತಲೆ ಕೆರೆದುಕೊಂಡ.

“ಸಾರ್, ಇವು ಮೂರೂ ಒಂದಕ್ಕೊಂದು ಹೊಂದಲ್ಲ.”

“ಹೊಂದಿಸೋದು ನನ್ನ ಕೆಲಸ ಕಣಯ್ಯಾ.”

“ಹಾಗಾದ್ರೆ ವಾಪಸ್ ತಗೊಳಲ್ಲ ಸಾರ್.”

ಅವನ ಮೇಲೂ ನನಗೆ ಅನುಮಾನ ಬಂತು. ಆದರೆ ಅವನು ಹೇಳಿದ್ದು ನಿಜವಾಗಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಫೋರ್ಕು ಮತ್ತು ಚಕ್ರದ ಸಂಸಾರ ಹಾಗೇ ಇತ್ತು. ಫೋರ್ಕಿನ ತೂತು ಹಿರಿದು, ಚಕ್ರದ ಅಚ್ಚು ಕಿರಿದು. ಎರಡು ದಿನ ಗುದ್ದಾಡಿ ಸಿಕ್ಕಿಸಿದಾಗ ಚಕ್ರ ಒಂದು ಬೆರಳಿನಷ್ಟು ಎಡಕ್ಕೆ ಸರಿದು ಕೂತಿತ್ತು.

ನನ್ನಾಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅಂದು ಹೆಗಲ ಮೇಲೆ ಟೇಪು ಹಾಕಿಕೊಂಡು ಶೆಡ್ಡಿಗೆ ಬಂದು ಬಗ್ಗಿ ನೋಡಿದಳು.

“ರೀ, ಎಡಗಡೆ ಒಂದು ಸಣ್ಣ ಕಬ್ಬಿಣದ ಬಳೆ ಕೂರಿಸಿದ್ರೆ...”

“ಇದು ರವಿಕೆ ಅಲ್ಲ ಕಣೇ, ಬೈಕು! ನಿನಗೇನು ಗೊತ್ತಾಗುತ್ತೆ? ಟಾರ್ಚ್ ಹಿಡಿ ಸಾಕು.”

ಅವಳು ಟಾರ್ಚು ಹಿಡಿದಳು. ಮತ್ತೆ ಮಾತಾಡಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಆ ಮೌನದ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ ನೋಡಿ!

ಮರುದಿನ ಸಂಜೆ ಕಾರ್ಖಾನೆಯಿಂದ ಬಂದು ನೋಡುತ್ತೇನೆ, ಚಕ್ರ ನೂಲು ಹಿಡಿದಂತೆ ನಟ್ಟನಡುವೆ ನಿಂತಿದೆ! ಕಬ್ಬಿಣವಲ್ಲವೇ, ನಾನು ಬಿಗಿದ ಬಿಗಿಗೆ ನಿಧಾನವಾಗಿ ದಾರಿಗೆ ಬಂದಿರಬೇಕೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆದರೆ ನಾಲ್ಕನೆಯ ದಿನ, ನಾನು ಹುಡುಕಿ ಸುಸ್ತಾಗಿ ಕೈಬಿಟ್ಟಿದ್ದ ನಟ್ಟು ತನ್ನ ಜಾಗದಲ್ಲಿ ಕೂತಿತ್ತು. ಐದನೆಯ ದಿನ, ತಲೆಕೆಳಗಾಗಿ ಹಾಕಿದ್ದ ಬ್ರೇಕಿನ ಸ್ಪ್ರಿಂಗು ನೆಟ್ಟಗಾಗಿತ್ತು. ಸಾಮಾನು ಕದಿಯುವ ಕಳ್ಳರನ್ನು ಕೇಳಿದ್ದೇನೆ. ಬಂದು ರಿಪೇರಿ ಮಾಡಿ ಹೋಗುವ ಕಳ್ಳ ಎಲ್ಲಾದರೂ ಇದ್ದಾನೆಯೇ?

ಇದ್ದಾನೆ! ಯಾರು ಕೈಯಾರೆ ಮಾಡುತ್ತಾರೋ ಅವರಿಗೇ ಬೈಕು. ನಾನಿಲ್ಲದಾಗ ಬಂದು ಗುಟ್ಟಾಗಿ ಮಾಡಿ, ಭಾನುವಾರ “ಎಲ್ಲಾ ನಾನೇ ಮಾಡಿದ್ದು ಅಪ್ಪಾ” ಎನ್ನುವ ಭಾವಮೈದನ ಹುನ್ನಾರ ನನಗೆ ಕನ್ನಡಿಯಷ್ಟು ಸ್ಪಷ್ಟವಾಯಿತು. ಆ ವಾರ ಅವನು ಅಕ್ಕನ ಮನೆಗೆ ಕಾಫಿಗೆ ಬಂದಾಗ ಕೈ ಕುಲುಕುವ ನೆಪದಲ್ಲಿ ಅವನ ಬೆರಳುಗಳನ್ನು ಪರೀಕ್ಷಿಸಿದೆ. ಒಂದು ಚುಕ್ಕೆ ಗ್ರೀಸಿಲ್ಲ! ಅಷ್ಟು ಸ್ವಚ್ಛವಾದ ಕೈ ಎಂದರೆ ಈಗಷ್ಟೇ ತೊಳೆದುಕೊಂಡಿದ್ದಾನೆ ಎಂದೇ ಅರ್ಥ.

ಕೂಡಲೇ ಶೆಡ್ಡಿಗೆ ನಮ್ಮ ಕಾರ್ಖಾನೆಯ ಮೂರು ಬೀಗ ಜಡಿದೆ. ಮೂರು ಕೀಲಿ ಸದಾ ನನ್ನ ಜೇಬಿನಲ್ಲಿ. ಬೀಗಗಳ ಜೊತೆಗೆ ಬಂದ ಇನ್ನೊಂದು ಸೆಟ್ ಕೀಲಿಗಳನ್ನು ಜಗತ್ತಿನ ಯಾವ ಕಳ್ಳನಿಗೂ ಹೊಳೆಯದ ಜಾಗದಲ್ಲಿ, ನನ್ನಾಕೆಯ ಹೊಲಿಗೆ ಮೆಷಿನ್ ಪಕ್ಕದ ಗುಂಡಿ ಡಬ್ಬಿಯ ತಳದಲ್ಲಿ, ಬಚ್ಚಿಟ್ಟೆ. ಸಾಲದ್ದಕ್ಕೆ ಶೆಡ್ಡಿನ ನೆಲಕ್ಕೆಲ್ಲ ಮುಖಕ್ಕೆ ಹಚ್ಚುವ ಪೌಡರು ಉದುರಿಸಿದೆ.

ಮರುದಿನ ಸಂಜೆ ಬಂದು ಬಾಗಿಲು ತೆರೆದರೆ ಪೌಡರಿನ ಮೇಲೆ ಹೆಜ್ಜೆಗಳು! ಬಗ್ಗಿ ಅಳೆದೆ. ಎಡಗಾಲಿನ ಹಿಮ್ಮಡಿ ಸವೆದ ಚಪ್ಪಲಿ. ನನ್ನದೇ ಚಪ್ಪಲಿ! ನಾನು ಬೆಳಗಿನಿಂದ ಕಾರ್ಖಾನೆಯಲ್ಲಿ ಬೂಟು ಹಾಕಿಕೊಂಡಿದ್ದವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ನಾನೇ ನನ್ನ ಕಾಲು ನೋಡಿಕೊಂಡೆ.

“ಏನೇ, ನನ್ನ ಚಪ್ಪಲಿ ಯಾರಾದ್ರೂ ಹಾಕ್ಕೊಂಡಿದ್ರಾ?”

“ಆ ಚಪ್ಪಲೀನ ಯಾರು ಆಸೆಪಟ್ಟು ಹಾಕ್ಕೋತಾರೆ?”

“ನಿನ್ನ ಕೈಯಲ್ಲೇನು ಎಣ್ಣೆ?”

“ಮೆಷಿನ್ನಿಗೆ ಎಣ್ಣೆ ಬಿಟ್ಟೆ.”

ಯಾವ ಮೆಷಿನ್ನಿಗೆ ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಅಂದು ಊಟಕ್ಕೆ ಕೂತಾಗ ಅವಳು ಸಾರನ್ನು ಕಾಫಿ ಲೋಟದಲ್ಲಿ ಮೊಗೆದು ಬಡಿಸಿದಳು.

“ಆ ದೊಡ್ಡ ಕಬ್ಬಿಣದ ಸೌಟು ಎಲ್ಲೇ?”

“ಕೆಲಸದ ಮೇಲಿದೆ.”

ಸೌಟಿಗೂ ಕೆಲಸವೇ! ತಮಾಷೆ ಎಂದುಕೊಂಡು ನಕ್ಕುಬಿಟ್ಟೆ.

ಮೂರು ವಾರ ಕಳೆದು ಆ ಭಾನುವಾರ ಬಂತು. ಮಾವ, ಭಾವಮೈದ ಇಬ್ಬರೂ ಬಂದು ಜಗುಲಿಯಲ್ಲಿ ಕೂತರು. ನನ್ನಾಕೆ ಕಾಫಿ ಮಾಡುತ್ತಿದ್ದಳು. ಕೊನೆಯ ತಪಾಸಣೆಗೆಂದು ನಾನೊಬ್ಬನೇ ಶೆಡ್ಡಿಗೆ ಹೋದೆ. ಆಗ ಕಣ್ಣಿಗೆ ಬಿತ್ತು, ಗೇಣುದ್ದದ ಒಂದು ಕಬ್ಬಿಣದ ಪಟ್ಟಿ! ಒಂದು ತುದಿ ಚಕ್ರದ ಬ್ರೇಕ್ ಪ್ಲೇಟಿಗೆ, ಇನ್ನೊಂದು ತುದಿ ಫೋರ್ಕಿಗೆ ಬೋಲ್ಟು ಹಾಕಿ ಬಿಗಿದಿತ್ತು. ನಾನು ಹಾಕಿದ್ದಲ್ಲ. ಸಿಕ್ಕಿತು ಸಾಕ್ಷಿ! ಚಕ್ರವನ್ನು ಕಟ್ಟಿಹಾಕಿ ಎಲ್ಲರೆದುರು ನನ್ನನ್ನು ಬೀಳಿಸುವ ಸಂಚು! ಪಟ್ಟಿಯನ್ನು ಕಿತ್ತು ಜೇಬಿಗಿಳಿಸಿದೆ. ಬ್ರೇಕು ಹಿಡಿದು ನೋಡಿದೆ, ನಿಂತ ಬೈಕಿನಲ್ಲಿ ಅದ್ಭುತವಾಗಿ ಹಿಡಿಯಿತು.

ಎಂಜಿನ್ನು ಗುಡುಗಿತು. ಬೀದಿಯವರು ಕಿಟಕಿಗೆ ಬಂದರು. ನಾನು ಬೀದಿ ತುದಿಯವರೆಗೆ ಹೋಗಿ, ತಿರುಗಿಸಿಕೊಂಡು, ದಂಡಯಾತ್ರೆ ಮುಗಿಸಿದ ದೊರೆಯಂತೆ ಮರಳಿದೆ. ಗೇಟಿನ ಬಳಿ ಎಲ್ಲರೂ ನಿಂತಿದ್ದರು. ಗತ್ತಿನಿಂದ ಬ್ರೇಕು ಒತ್ತಿದೆ.

ಒಂದೇ ಜಾಗದಲ್ಲಿ ನಿಲ್ಲಬೇಕಾದ ಬ್ರೇಕ್ ಪ್ಲೇಟು ಚಕ್ರದ ಜೊತೆ ತಾನೂ ಗಿರ್ರನೆ ತಿರುಗಿತು! ರೀಲಿಗೆ ದಾರ ಸುತ್ತಿದಂತೆ ಬ್ರೇಕಿನ ತಂತಿ ಸುತ್ತಿಕೊಂಡು ಫಟ್ಟೆಂದು ಹರಿಯಿತು. ಗಾಬರಿಯಿಂದ ಬಲಗಾಲು ಒತ್ತಿದೆ. ಹಳೆಯ ಬೈಕು ನೋಡಿ, ಬಲಕ್ಕೆ ಇರುವುದು ಗೇರು, ಬ್ರೇಕು ಎಡಕ್ಕೆ! ಬೈಕು ನಿಲ್ಲುವ ಬದಲು ಹುರುಪಿನಿಂದ ಮುನ್ನುಗ್ಗಿ, ಪಕ್ಕದ ಮನೆಯವರು ಕಟ್ಟಡಕ್ಕೆಂದು ತರಿಸಿದ್ದ ಮರಳಿನ ಗುಡ್ಡೆಯಲ್ಲಿ ಅರ್ಧ ಹೂತು ಶಾಂತವಾಯಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನನ್ನದು ಪೂರ್ತಿ ಮಣ್ಣಾಗಿತ್ತು.

ನನ್ನಾಕೆ ಓಡಿ ಬಂದಳು. “ಅಯ್ಯೋ ರೀ! ಕೈಕಾಲು ನೆಟ್ಟಗಿದೆಯಾ? ಮಾತಾಡ್ರೀ!” ನಾನು ಬಾಯಿಂದ ಮರಳು ಉಗುಳಿ, ಜೇಬಿನಿಂದ ಪಟ್ಟಿಯನ್ನು ತೆಗೆದು ಎತ್ತಿ ಹಿಡಿದೆ.

“ಮಾವ, ನೋಡಿ ಸಂಚು! ಇದನ್ನ ಯಾರೋ ಗುಟ್ಟಾಗಿ ಬಿಗಿದಿದ್ರು. ನಾನು ಹಿಡಿದುಬಿಟ್ಟೆ, ಕಿತ್ತುಬಿಟ್ಟೆ!”

ಮಾವ ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. “ಅಳಿಯಂದ್ರೇ, ಬ್ರೇಕ್ ಪ್ಲೇಟು ತಿರುಗದ ಹಾಗೆ ಹಿಡಿದು ನಿಲ್ಸೋದೇ ಇದು. ಇದಿಲ್ದೆ ಬ್ರೇಕೇ ಇಲ್ಲ. ಕಿತ್ತಿದ್ದೇನೋ ನೀವು, ಸರಿ. ಹಾಕಿದ್ಯಾರು?”

ನಾನು ಭಾವಮೈದನತ್ತ ಬೆರಳು ತೋರಿಸಿದೆ. ಮಾವ ಅವನತ್ತ ನೋಡಲೂ ಇಲ್ಲ. “ತೂತು ಇಷ್ಟು ನೀಟಾಗಿ ಕೊರೆಯೋ ಕೈ ನಮ್ಮನೇಲಿ ಒಂದೇ” ಎಂದು ಮಗಳತ್ತ ತಿರುಗಿದರು. “ಯಾವ ಕಬ್ಬಿಣಾನಮ್ಮಾ ಇದು?”

“ಸೌಟಿನ ಹಿಡಿ ಅಪ್ಪಾ” ಎಂದಳು ಅವಳು, ನೆಲ ನೋಡುತ್ತಾ.

ಮರಳಿನಲ್ಲಿ ಕೂತಲ್ಲೇ ನನಗೆ ಚಪ್ಪಲಿ, ಎಣ್ಣೆ, ಗುಂಡಿ ಡಬ್ಬಿ ಎಲ್ಲ ಒಟ್ಟಿಗೆ ಅರ್ಥವಾದವು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದರೇ!

“ನನಗೆ ಹೇಳ್ಬಾರ್ದಿತ್ತೇನೇ?”

“ಹೇಳಿದ್ನಲ್ಲ. ಟಾರ್ಚ್ ಹಿಡಿ ಅಂದ್ರಿ.” ಅವಳ ಕಣ್ಣು ತುಂಬಿ ಬಂತು. “ಸಣ್ಣೋಳಿದ್ದಾಗ ಈ ಟ್ಯಾಂಕಿನ ಮೇಲೆ ಕೂತೇ ಸ್ಕೂಲಿಗೆ ಹೋಗಿದ್ದು ನಾನು. ಅಪ್ಪನ ಪಕ್ಕ ಕೂತು ಸ್ಪ್ಯಾನರು ಹಿಡಿದಿದ್ದೂ ನಾನೇ. ನಿಮ್ಮ ಕೈಯಲ್ಲಿ ಇದು ಓಡಲ್ಲ, ಮನೆ ಬಿಟ್ಟು ಹೋಗುತ್ತೆ ಅಂತ ಭಯ ಆಯ್ತು.”

ನನಗೆ ನಾಚಿಕೆಯಾಯಿತು. ಮರಳಿನಲ್ಲಿ ಇನ್ನಷ್ಟು ಹೂತುಹೋಗಬಾರದೇ ಎನಿಸಿತು. ಭಾವಮೈದ ನನ್ನ ಕೈ ಹಿಡಿದು ಎಬ್ಬಿಸುತ್ತಾ, “ಅಕ್ಕನ ಜೊತೆ ಪೈಪೋಟಿಗಿಳಿಯೋಕೆ ನನಗೇನು ಹುಚ್ಚಾ ಭಾವ? ಅದಕ್ಕೇ ಅವಸರ ಇಲ್ಲ ಅಂದಿದ್ದು” ಎಂದ.

ಮಾವ ಬೈಕಿನ ಕೀಲಿಯನ್ನು ಮಗಳ ಕೈಗಿಟ್ಟರು. “ಕೈಯಾರೆ ಮಾಡ್ದೋರಿಗೇ ಅಂದಿದ್ದೆ. ಮಾತು ಮಾತೇ.”

“ರಸ್ತೆಗಂತೂ ಇಳೀತಲ್ಲ, ಮೀಸೆ ಉಳಿಸ್ಕೊಳ್ಳಿ” ಎಂದು ಅವಳು ಸೆರಗಿನಿಂದ ನನ್ನ ಮೀಸೆಯ ಮರಳು ಒರೆಸಿದಳು.

ಮರುದಿನ ಪ್ರಾಯಶ್ಚಿತ್ತವಾಗಿ ಪಾತ್ರೆ ಅಂಗಡಿಗೆ ಹೋಗಿ, ಇದ್ದುದರಲ್ಲೇ ಥಳಥಳಿಸುವ ಹೊಸ ಸೌಟೊಂದನ್ನು ತಂದು ಅವಳ ಕೈಗಿತ್ತೆ. ಅವಳು ಅದನ್ನು ಬೆಳಕಿಗೆ ಹಿಡಿದಳು. ಹಿಡಿಯನ್ನು ಬೆರಳಿನಿಂದ ಬಗ್ಗಿಸಿದಳು. ಹೆಗಲ ಮೇಲಿನ ಟೇಪಿನಿಂದ ಉದ್ದ ಅಳೆದಳು.

“ತೆಳುವಾಯ್ತು ರೀ. ಹಿಂದಿನ ಚಕ್ರಕ್ಕೆ ಇದು ತಡೆಯಲ್ಲ. ಬದಲಾಯಿಸ್ಕೊಂಡು ಬನ್ನಿ. ಹಾಗೇ ಟಾರ್ಚಿಗೆ ಸೆಲ್ಲೂ ತನ್ನಿ. ಸಂಜೆ ನೀವು ಹಿಡೀಬೇಕಲ್ಲ!”