ಚಾವಣಿಯ ತೂತು ಕಾಣಬೇಕು

ಮದುವೆಮನೆಗಳಲ್ಲಿ ಮುಖ ಗಂಟಿಕ್ಕಿಕೊಂಡ ಬೀಗರನ್ನೂ ನಗಿಸಿ ಫೋಟೋ ತೆಗೆದವನು ನಾನು. ಆದರೆ ಪಾರ್ಕಿನ ಗುಡಿಸಲಿನ ಮುಂದೆ ಕ್ಯಾಮೆರಾ ಹಿಡಿದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ನಮ್ಮ ಮೈಸೂರಿನ ಪಾರ್ಕುಗಳಲ್ಲಿ ವಾಕಿಂಗಿನವರು ಕೂರಲೆಂದು ಹುಲ್ಲು ಹೊದಿಸಿದ ಗುಡಿಸಲುಗಳಿವೆಯಲ್ಲ, ಅವುಗಳ ಫೋಟೋ ಬೇಕೆಂದು ಪಾಲಿಕೆಯ ಎಂಜಿನಿಯರೊಬ್ಬರು ಕರೆಸಿದರು. "ಹಾಳಾಗಿರೋದು ಕಾಣಬೇಕು ಕಣ್ರೀ. ಫೋಟೋ ನೋಡಿ, ತೀರಾ ಕೆಟ್ಟಿರೋ ಒಂದಕ್ಕೆ ಮಳೆಗಾಲದೊಳಗೆ ಹೊಸ ಚಾವಣಿ" ಎಂದರು. ಅಂದಿನಿಂದ ನನಗೆ ಅದೇ ಚಿಂತೆ. ನನ್ನ ಕೈ ತಪ್ಪಿದರೆ ಯಾರೋ ಮಳೆಗಾಲವಿಡೀ ನೆನೆಯಬೇಕಲ್ಲ!

೧

ಕುಂಬಾರಕೊಪ್ಪಲಿನ ಕಡೆಯ ಪಾರ್ಕು. ಬೆಳಗ್ಗೆ ಹನ್ನೊಂದು ಗಂಟೆ. ಗುಡಿಸಲೊಳಗೆ ಇಸ್ತ್ರಿ ಶರಟಿನ ಒಬ್ಬರು ಬ್ಯಾಗು ತಲೆಗಿಟ್ಟುಕೊಂಡು ಮಲಗಿದ್ದರು. ಕ್ಲಿಕ್ ಎಂದದ್ದೇ ತಡ, ದಡಬಡಿಸಿ ಎದ್ದರು.

"ಸರ್, ಈ ಫೋಟೋ ಎಲ್ಲಿಗೆ ಹೋಗುತ್ತೆ?"

"ಯಾಕೆ ಸರ್?" ಎಂದೆ, ಅವರಿಗಿಂತ ಹೆಚ್ಚು ಹೆದರಿ.

"ಮನೇಲಿ ಆಫೀಸು ಅಂದಿದೀನಿ, ಆಫೀಸಲ್ಲಿ ಜ್ವರ ಅಂದಿದೀನಿ. ಫೋಟೋ ಮನೆಗೆ ಹೋಗೋದಾದ್ರೆ ಟೈ ಕಟ್ಕೋತೀನಿ, ಆಫೀಸಿಗಾದ್ರೆ ಮಲ್ಕೋತೀನಿ!"

೨

ಇನ್ನೊಂದು ಪಾರ್ಕಿನಲ್ಲಿ ಗುಡಿಸಲಿನ ಮರದ ಕಂಬಗಳ ಬುಡವೆಲ್ಲ ಕಿತ್ತುಹೋಗಿತ್ತು. ನಾಲ್ಕು ಕಡೆಯಿಂದ ಫೋಟೋ ತೆಗೆದು, 'ಗೆದ್ದಲು ಹಿಡಿದಿದೆ, ತುಂಬಾ ಅಪಾಯ' ಎಂದು ಗಾಬರಿಯಲ್ಲೇ ಬರೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಎಂಜಿನಿಯರ ಫೋನು.

"ಅದು ಮರದ ಥರ ಬಣ್ಣ ಹೊಡೆದ ಸಿಮೆಂಟು ಕಣ್ರೀ! ಸಿಮೆಂಟು ತಿನ್ನೋ ಗೆದ್ದಲು ಇದ್ರೆ ಮೊದಲು ಅದರ ಫೋಟೋ ಕಳಿಸಿ."

೩

ತೀರಾ ಹಾಳಾಗಿದ್ದದ್ದು ಹಿರಿಯರ ಗುಂಪೊಂದು ದಿನಾ ಕೂರುವ ಗುಡಿಸಲು. ಚಾವಣಿಯಲ್ಲಿ ಮಂಚದಗಲ ತೂತು. ಮಳೆ ಬಂದರೆ ಒಳಗೂ ಕೊಡೆ ಬಿಚ್ಚಿ ಕೂರುತ್ತಿದ್ದರಂತೆ, ಪಾಪ. ಹೇಗಾದರೂ ಇವರಿಗೇ ಚಾವಣಿ ಕೊಡಿಸಬೇಕೆನಿಸಿತು. "ನಾಳೆ ಫೋಟೋ ತೆಗೀತೀನಿ" ಎಂದು ಹೇಳಿ ಬಂದೆ. ಅದೇ ನಾನು ಮಾಡಿದ ತಪ್ಪು.

ಮರುದಿನ ಹೋದರೆ ನೆಲಕ್ಕೆ ರಂಗೋಲಿ, ಕಂಬಗಳಿಗೆ ಮಾವಿನ ತೋರಣ. ತೂತು ಕಾಣದ ಹಾಗೆ ಬಿಳಿ ಪಂಚೆಗಳನ್ನು ಕಟ್ಟಿದ್ದರು. ಹಿರಿಯರೆಲ್ಲ ಪೇಟ ಸುತ್ತಿ, ಶಾಲು ಹೊದ್ದು ಸಾಲಾಗಿ ಕೂತಿದ್ದರು. ನನಗೆ ಅಳುವೇ ಬಂತು.

"ಸರ್, ಪಂಚೆ ಬಿಚ್ಚಿ. ತೂತು ಕಾಣಬೇಕು!"

ಅವರಲ್ಲೊಬ್ಬರು ನಿವೃತ್ತ ಹೆಡ್‌ಮಾಸ್ಟರು. "ಫೋಟೋಕ್ಕೆ ಯಾರಾದ್ರೂ ಹರಕು ತೋರಿಸ್ತಾರೇನ್ರೀ? ಮೊದಲು ಹಿಂಗೇ ಒಂದು ತೆಗೀರಿ, ಆಮೇಲೆ ಬಿಚ್ಚೋಣ" ಎಂದರು. ಸರಿ, ಎರಡೂ ತೆಗೆದೆ. ಅಷ್ಟರಲ್ಲಿ ಎಂಜಿನಿಯರು, "ರಿಪೇರಿ ಪಟ್ಟಿ ಈಗಲೇ ಹೋಗ್ಬೇಕು, ಕಳಿಸ್ರೀ" ಎಂದು ಫೋನಿನಲ್ಲಿ ಕೂಗಿದರು. ಅವಸರದಲ್ಲಿ ಒಂದನ್ನು ಒತ್ತಿ ಕಳಿಸಿದೆ. ಹೋದದ್ದು ತೋರಣದ ಫೋಟೋ!

"ಇಷ್ಟು ಚೆನ್ನಾಗಿರೋದಕ್ಕೆ ರಿಪೇರಿ ಯಾಕ್ರೀ? ಮಾದರಿ ಗುಡಿಸಲು ಅಂತ ಬರೆದುಬುಟ್ಟೆ" ಎಂದರು. ತೂತಿನ ಫೋಟೋವನ್ನೂ ಕಳಿಸಿದರೆ, "ಬೇರೆ ಪಾರ್ಕಿಂದು ತೋರಿಸಿ ಯಾಮಾರಿಸ್ಬೇಡಿ" ಎಂದು ಫೋನಿಟ್ಟರು.

ಹಿರಿಯರಿಗೆ ಯಾವ ಮುಖದಲ್ಲಿ ಹೇಳಲಿ? ತೊದಲುತ್ತಲೇ ಹೇಳಿ ತಲೆ ತಗ್ಗಿಸಿ ನಿಂತೆ. ಹೆಡ್‌ಮಾಸ್ಟರು ಚಾವಣಿಯನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿದರು.

"ಹೋಗ್ಲಿ ಬಿಡಿ, ಫೋಟೋ ಚೆನ್ನಾಗಿ ಬಂದಿದೆ. ಇದನ್ನೇ ಮಂಚದಗಲ ಫ್ಲೆಕ್ಸ್ ಮಾಡಿಸ್ಕೊಡಿ. ತೂತಿನ ಮೇಲೆ ಹೊದಿಸ್ತೀವಿ."