ಹೆಗಲ ರೆಕ್ಕೆಯ ರಿಪೇರಿ

ನನ್ನ ಬೆನ್ನಿನ ವಿಷಯ ನನಗಿಂತ ನನ್ನ ಹೆಂಡತಿ ಪದ್ಮಾಳಿಗೇ ಚೆನ್ನಾಗಿ ಗೊತ್ತು. ಹೋಗುತ್ತ ಬರುತ್ತ ಕನ್ನಡಿಯಲ್ಲಿ ಮುಖ ನೋಡಿ ಮೆಚ್ಚಿಕೊಳ್ಳುವ ನಾನು, ಬೆನ್ನು ಎಂಬುದೊಂದಿದೆ ಎಂದು ನೆನೆದವನೇ ಅಲ್ಲ. ಶೇಡಬಾಳದಲ್ಲಿ ನಮ್ಮದೊಂದು ಸೀರೆ ಅಂಗಡಿ. ಒಮ್ಮೆ ಜ್ವರ ಬಂದು ಹೋದ ಮೇಲೆ ನನ್ನ ಬಲಗೈ ಹೆಗಲಿನಿಂದ ಮೇಲಕ್ಕೆ ಏಳದಾಯಿತು. ಎತ್ತರದ ಕಪಾಟಿನ ರೇಷ್ಮೆ ಸೀರೆ ಕೇಳಿದವರಿಗೆಲ್ಲ ಈಗ ಕಾಟನ್ನಿನದೇ ಫ್ಯಾಷನ್ ಎಂದು ಹೇಳತೊಡಗಿದೆ. ಊರವರು ಎಣ್ಣೆ ತಿಕ್ಕಿಸಿಕೋ ಎಂದರು. ತಿಕ್ಕುತ್ತಿದ್ದ ಪದ್ಮಾ ಕೈ ನಿಲ್ಲಿಸಿ, "ನಿಮ್ಮ ಹೆಗಲ ಎಲುಬು ಹೊರಗ ಬಂದೈತ್ರಿ" ಎಂದಳು. ಮೊದಲಿನಿಂದಲೂ ನೀನು ನನ್ನಲ್ಲಿ ಕುಂದು ಹುಡುಕುವವಳೇ ಎಂದು ಗೊಣಗಿದೆ. ಮರುದಿನ ಅವಳೇ ಮಿರಜದ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರರ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಗೋಡೆಗೆ ಅಂಗೈ ಊರಿ ನೂಕಲು ಹೇಳಿದರು. ನೂಕಿದೆ. ಬಲಗಡೆಯ ಎಲುಬು ಪಾರಿವಾಳದ ರೆಕ್ಕೆಯಂತೆ ಎದ್ದು ನಿಂತಿತಂತೆ. ಪದ್ಮಾ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದಾಗ ಅದು ನನ್ನ ಬೆನ್ನೆಂದು ನಾನು ಒಪ್ಪಲಿಲ್ಲ. ಮಚ್ಚೆ ತೋರಿಸಿ ಒಪ್ಪಿಸಿದಳು. ಎಲುಬನ್ನು ಹಿಡಿದಿಡುವ ಸ್ನಾಯುವಿನ ನರ ಸೋತಿದೆ, ತಾನಾಗಿ ಚೇತರಿಸಿಕೊಳ್ಳಬಹುದು, ವ್ಯಾಯಾಮ ಮಾಡುತ್ತ ಕಾಯಿರಿ ಎಂದರು ಡಾಕ್ಟರು. ವರ್ಷಕ್ಕೂ ಮೇಲೆ ಕಾದೆವು. ನರ ಏಳಲಿಲ್ಲ. ಕಡೆಗೆ, ಎದೆಯ ಸ್ನಾಯುವಿನ ಒಂದು ಭಾಗ ಬಿಡಿಸಿ ಆ ಎಲುಬಿಗೆ ಜೋಡಿಸಬೇಕು ಎಂದರು.

"ಎದಿದು ತಗದ್ರ ಎದಿ ಕೆಲಸ ಯಾರು ಮಾಡ್ತಾರ್ರಿ?" ಎಂದು ಪದ್ಮಾ ಕೇಳಿದಳು.

"ಉಳಿದದ್ದು ಮಾಡತೈತಿ, ವಹಿನಿ. ತಗದದ್ದು ಹೊಸಾ ಕೆಲಸ ಕಲೀಬೇಕು, ಸಾವಕಾಶ," ಎಂದರು ಡಾಕ್ಟರು, ಮರಾಠಿಯಲ್ಲಿ ಅತ್ತಿಗೆ ಎಂದು ಕರೆದು.

ಏಳುವಷ್ಟು ಏಳುತ್ತಿದ್ದ ಕೈಯೂ ಹೋದರೆ ಎಂಬ ಹೆದರಿಕೆ ನನಗೆ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅಂಗಡಿಯ ಕೀಲಿಯನ್ನು ಅವಳಿಗೆ ಕೊಟ್ಟೆ. ಅವಳು ಕೀಲಿಯನ್ನೂ ನನ್ನ ಬೆರಳುಗಳನ್ನೂ ಕೂಡಿಯೇ ಹಿಡಿದುಕೊಂಡಳು.

ಆಮೇಲೆ ಬಹಳ ದಿನ ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು. ಎದೆಯನ್ನು ಬಿಗಿದು ಕೈ ಎತ್ತುವುದನ್ನು ಮಗುವಿನ ಹಾಗೆ ಕಲಿತೆ. ಅಷ್ಟು ಕಾಲ ಪದ್ಮಾ ಅಂಗಡಿ ನೋಡಿಕೊಂಡಳು. ರೇಷ್ಮೆ ಸೀರೆಗಳನ್ನು ಕೈಗೆಟುಕುವ ಕಪಾಟಿಗೆ ಇಳಿಸಿದಳು. ಇಷ್ಟು ವರ್ಷ ನನಗೆ ಹೊಳೆಯದ ಉಪಾಯ ಅದು.

ಕೊನೆಗೊಂದು ದಿನ ಕೈ ತಲೆಯ ಮೇಲಕ್ಕೆ ಹೋಯಿತು. ಮೊದಲಿನಷ್ಟಲ್ಲ, ಆದರೆ ಹೋಯಿತು. ಹಿಗ್ಗಿನಿಂದ ಅಂಗಡಿಯ ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ, ಕುಳಿತೆ. ಕುಡಚಿಯಿಂದ ಮದುವೆ ಸೀರೆಗೆಂದು ಬಂದ ಹೆಣ್ಣುಮಕ್ಕಳು ನನ್ನನ್ನು ನೋಡಿ ಮುಖ ಸಣ್ಣ ಮಾಡಿಕೊಂಡರು. ಅವರಲ್ಲಿ ಹಿರಿಯಳು ಕೇಳಿದಳು: "ಅಕ್ಕಾರು ಇಲ್ಲೇನ್ರಿ? ನಿಮಗ ಸೀರಿ ತಿಳ್ಯಾಂಗಿಲ್ಲ."

ರಸ್ತೆಯ ಆಚೆ ನೆರೆಯವರೊಡನೆ ಮಾತಾಡುತ್ತ ನಿಂತಿದ್ದಳು ಪದ್ಮಾ. ನಾನು ಬಲಗೈಯನ್ನು ಆದಷ್ಟೂ ಮೇಲಕ್ಕೆತ್ತಿ ಅವಳನ್ನು ಕರೆದೆ.