ಎರಡು ಕಲ್ಲಿನ ನಡುವೆ ಒಂದು ಗೆರೆ

ನನ್ನ ಗಂಡ ಚನ್ನರಾಯಪ್ಪನ ಮೇಲೆ ನನಗಿದ್ದ ತಕರಾರು ಒಂದೇ. ಆ ಮನುಷ್ಯ ಮನೇಲಿ ನಿಲ್ತಿರಲಿಲ್ಲ. ಬೆಳಗಾದ್ರೆ ಬೇಲಿ ದಾಟಿ ಸತ್ತಾರ್ ಸಾಬರ ಜಗಲಿ. ಮಾವಿನ ರೇಟು, ಮಳೆ, ಗೌನಿಪಲ್ಲಿ ರಾಜಕೀಯ, ಟೀ. ಬೇಲಿ ಹತ್ರ ನಿಂತು, ಮುದ್ದೆ ಆರ್ತದೆ ಬನ್ನಿ ಅಂತ ನಾನು ಕೂಗೋದು. ಸತ್ತಾರ್ ಹೆಂಡ್ತಿ ಶರೀಫುನ್ನೀಸಾ ಆ ಕಡೆಯಿಂದ, "ಟೀ ಕುಡೀತಾವ್ರೆ ಅಕ್ಕಾ, ಆಮೇಲೆ ಕಳಿಸ್ತೀನಿ" ಅನ್ನೋದು. ನಾನು ಈ ಮನೆಗೆ ಬಂದಾಗಿಂದ ಇದೇ ಹಾಡು.

ಹೋದ ವರ್ಷ ಅವರು ಹೋದರು. ಮುದ್ದೆ ಈಗಲೂ ಆರ್ತದೆ. ಕೂಗೋದು ಯಾರನ್ನ.

ಈ ಸಲ ಕಾಯಿ ಇಳಿಸಿದ ಮೇಲೆ ಸತ್ತಾರ್, ಬೇಲಿ ಕಿತ್ತು ಗೋಡೆ ಕಟ್ತೀನಿ ಅಂದ. ಕಟ್ಟಪ್ಪ ಅಂದೆ. ಎಲ್ಲಿ ಕಟ್ಟೋದು ಅಂದಾಗ ಶುರುವಾಯ್ತು. ಬೇಲಿ ಹಾವು ಹರಿದಂಗೆ ಹೋಗಿತ್ತು. ಅದರ ಮಧ್ಯಕ್ಕೇ ನಮ್ಮೋರು ನೆಟ್ಟ ಬಾದಾಮಿ ಮಾವಿನ ಮರ. ಅವರು ತಂದು ನೆಟ್ಟಿದ್ದರಲ್ಲಿ ಉಳಿದಿರೋದು ಅದೊಂದೇ. (ಮುಳಬಾಗಿಲಿಂದ ನನ್ನನ್ನ ತಂದು ನೆಟ್ಟಿದ್ದು ಬಿಟ್ಟರೆ.) ಮರ ನಂದು ಅಂದೆ. ಅಳತೆ ಹಾಕಿದ್ರೆ ನಮ್ಮ ಕಡೆ ಬೀಳ್ತದೇನೋ ಅಂತ ಸತ್ತಾರ್ ತಲೆ ಕೆರ್ಕೊಂಡ. ಮರ ಬಿಟ್ಟುಕೊಡೋ ಮಾತೇ ಇಲ್ಲ ಅಂದೆ.

ನನ್ನ ಸೊಸೆ ಅನಿತ ಮಾಲೂರಿನೋಳು. ಹೈಸ್ಕೂಲಲ್ಲಿ ಲೆಕ್ಕದ ಟೀಚರು. ಮದುವೆಯಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಜಗಳ ಯಾಕತ್ತೆ, ಎರಡು ಬಿಂದು ಇದ್ರೆ ಸಾಕು, ಸರಳರೇಖೆ ತೆಗೆದುಬಿಡ್ತೀನಿ ಅಂದ್ಲು.

"ಬಿಂದು, ಸರಳ, ರೇಖಾ ಎಲ್ಲರೂ ಯಾಕೆ ಕಣೇ, ನೀನೊಬ್ಬಳೇ ಸಾಲ್ದಾ" ಅಂದೆ. ನಗಲಿಲ್ಲ. ಲೆಕ್ಕದೋರು ನಗಲ್ಲ.

ಬಿಂದು ಅಂದ್ರೆ ಕಲ್ಲಂತೆ. ನಮ್ಮ ನೀರಿನ ತೊಟ್ಟಿ ಮೂಲೆ ಸೊನ್ನೆಯಂತೆ. ಅಲ್ಲಿಂದ ರಸ್ತೆಗುಂಟ ಸತ್ತಾರ್ ಕಡೆಗೆ ಎಷ್ಟು ಮಾರೋ ಅದು ಎಕ್ಸ್, ರಸ್ತೆಯಿಂದ ಒಳಕ್ಕೆ ಎಷ್ಟು ಮಾರೋ ಅದು ವೈ. ರಸ್ತೆ ಕಡೆ ಗಡಿಕಲ್ಲು ಆರು, ಎರಡು. ಬರ್ಕೊಂಡು, ಕೊನೇ ಕಲ್ಲು ಎಲ್ಲಿದೆ ಅತ್ತೆ ಅಂದ್ಲು.

ಕೆಲಸಕ್ಕೆ ಮುಂಚೆ ಮಾವನಿಗೆ ಕೈ ಮುಗೀಬೇಕು ಅನ್ನಿಸ್ತಲ್ಲ ಹುಡುಗಿಗೆ. ಕರ್ಕೊಂಡು ಹೋಗಿ ತೋಟದ ತುದೀಲಿ ಅವರ ತಲೆ ಹತ್ರ ನಿಲ್ಲಿಸಿರೋ ಕಲ್ಲು ತೋರಿಸಿದೆ. ಅರಿಶಿನ ಬಳಿದು ಹೂವಿಟ್ಟಿದ್ದೆ. ಅವಳು ಕೈ ಮುಗೀಲಿಲ್ಲ, ಟೇಪು ಹಿಡಿದ್ಲು. (ಓದಿದೋರ ಭಕ್ತಿ ಹಿಂಗೇ ಇರಬೇಕು ಅಂದ್ಕೊಂಡೆ.)

ಎಂಟು, ಹದಿನೆಂಟು. ಹದಿನೆಂಟರಲ್ಲಿ ಎರಡು ಕಳೆದು, ಎಂಟರಲ್ಲಿ ಆರು ಕಳೆದು, ಅದನ್ನ ಇದರಿಂದ ಭಾಗಿಸಿ, ಇಳಿಜಾರು ಎಂಟು ಅಂದ್ಲು. ನೆಲ ಚಪ್ಪಟೆಯಾಗೈತಲ್ಲೇ ಅಂದೆ. ಇಳಿಜಾರು ಗೆರೆಗಂತೆ. ಕಡ್ಡೀಲಿ ಮಣ್ಣಿನ ಮೇಲೆ ಬರೆದ್ಲು: ವೈ ಸಮ ಎಂಟು ಎಕ್ಸ್, ಕಳೆ ನಲವತ್ತಾರು. ಇದಕ್ಕೆ ಸಮೀಕರಣ ಅಂತಾರೆ. ಮರ ಏಳು, ಹನ್ನೆರಡು. ಏಳು ಹಾಕಿದ್ರೆ ಗೆರೆ ಹತ್ತಕ್ಕೆ ಬರ್ತದೆ, ಮರ ಅದಕ್ಕಿಂತ ಮೇಲಿದೆ, ಅಂದ್ರೆ ನಮ್ಮ ಕಡೆ.

ದಾರ ಕಟ್ಟಿದ್ವಿ. ನಾನು ಬೇಲಿ ಹತ್ರ ನಿಂತು ಗಂಡ ಹೆಂಡ್ತಿ ಇಬ್ಬರನ್ನೂ ಕರೆದೆ. "ಸಮೀಕರಣ ಆಗಿದೆ. ಗೆರೆ ಅಂದ್ರೆ ಗೆರೆ. ನನ್ನ ಗಂಡ ಎದ್ದು ಬಂದ್ರೂ ಒಂದು ಬೆರಳು ಸರಿಸೋಹಂಗಿಲ್ಲ. ಈಚೆ ಇರೋದೆಲ್ಲ ನಮ್ದು, ಆಚೆ ಇರೋದೆಲ್ಲ ನಿಮ್ದು" ಅಂದೆ.

ಸತ್ತಾರ್ ದಾರ ಹಿಡ್ಕೊಂಡು ತುದಿವರೆಗೆ ಹೋದ. ಅಲ್ಲಿ ಚಪ್ಪಲಿ ಬಿಟ್ಟ.

"ಟೀಚರಮ್ಮ, ಇದು ಗಡಿಕಲ್ಲಲ್ಲ. ಚನ್ನರಾಯಣ್ಣ."

ಬದುಕಿದ್ದಾಗ ಒಂದು ದಿನ ನೆಟ್ಟಗೆ ಮನೆಗೆ ಬಾರದ ಮನುಷ್ಯ, ಸತ್ತ ಮೇಲೆ ಸರಳರೇಖೆಗೆ ಬಿಂದುವಾಗಿ ನಿಂತಿದ್ದರು.

ಅನಿತ ನನ್ನ ಮುಖ ನೋಡಿದ್ಲು. "ನಾನು ಕೇಳಿದ್ದು ಗಡಿಯ ಕೊನೇ ಕಲ್ಲು ಅತ್ತೆ."

"ನನಗೆ ಕೊನೇ ಕಲ್ಲು ಅಂದ್ರೆ ಅದೇ ಕಣೇ."

ನಿಜವಾದ ಗಡಿಕಲ್ಲು ಪೊದೆಯೊಳಗೆ ಸಿಕ್ತು. ಆರು, ಹದಿನೆಂಟು. ಆರರಲ್ಲಿ ಆರು ಹೋದ್ರೆ ಸೊನ್ನೆ, ಸೊನ್ನೆಯಿಂದ ಭಾಗಿಸೋಕೆ ಬರಲ್ಲ ಅಂತ ಅನಿತ ಬೆವರಿದ್ಲು. ಆಮೇಲೆ, ಎಕ್ಸ್ ಸಮ ಆರು, ಅಷ್ಟೇ ಅಂದ್ಲು. ಇಷ್ಟೆಲ್ಲ ಓದಿಸಿ ಕೊನೆಗೆ ಬಂದಿದ್ದು ಒಂದು ಆರು. ಮರ ಏಳು, ಆಚೆ. ನಮ್ಮೋರು ಎಂಟು, ಇನ್ನೂ ಆಚೆ.

ಮರ ಉಳಿಸ್ಕೊಳ್ಳೋಕೆ ಹೋಗಿ ಗಂಡನ್ನೂ ಅಳೆದು ಕೊಟ್ಟೆ. ಅವರನ್ನ ಮಣ್ಣು ಮಾಡಿದ ದಿನ ಗುದ್ದಲಿ ಹಿಡಿದಿದ್ದು ಇದೇ ಸತ್ತಾರ್. ಯಾರ ನೆಲ ಅಂತ ಅವನಿಗೆ ಗೊತ್ತಿತ್ತು. ಅವತ್ತು ಬಾಯಿ ಬಿಡಲಿಲ್ಲ.

ಮರ ಕಡಿಯಲ್ಲ, ಗೋಡೇಲಿ ಒಂದು ಗೇಟು ಬಿಡ್ತೀನಿ, ಚಿಲಕ ನಿಮ್ಮ ಕಡೆ ಅಂದ. ಮರ ಇಟ್ಕೊಳ್ಳಿ, ಅವರನ್ನ ಕಳಿಸಿಕೊಡಿ ಅಂದುಬಿಟ್ಟೆ.

ಶರೀಫುನ್ನೀಸಾ ಸೆರಗಲ್ಲಿ ಮೂಗು ಒರೆಸ್ಕೊಂಡಳು.

"ಟೀ ಕುಡೀತಾವ್ರೆ ಅಕ್ಕಾ. ಆಮೇಲೆ ಕಳಿಸ್ತೀನಿ."

ಈಗ ಗೋಡೆ ಎದ್ದಿದೆ, ನೆಟ್ಟಗೆ. ಸಾಯಂಕಾಲ ಗೇಟು ತೆಗೆದು ದೀಪ ಹಚ್ಚೋಕೆ ಹೋಗ್ತೀನಿ. ತಿರುಗಿದ್ರೆ ಶರೀಫುನ್ನೀಸಾ ಲೋಟ ಹಿಡ್ಕೊಂಡು ನಿಂತಿರ್ತಾಳೆ. ಜಗಲಿ ಮೇಲೆ ಕೂರ್ತೀನಿ. ಮಾವಿನ ರೇಟು, ಮಳೆ, ಸೊಸೆಯಂದಿರು. ಟೀ ಚೆನ್ನಾಗೇ ಮಾಡ್ತಾಳೆ, ಸುಳ್ಳು ಯಾಕೆ ಹೇಳ್ಲಿ.

ಗೋಡೆ ಆಚೆಯಿಂದ ಅನಿತ ಕೂಗ್ತಾಳೆ, ಅತ್ತೆ ಮುದ್ದೆ ಆರ್ತದೆ ಬನ್ನಿ ಅಂತ.